ಕರಡಕ್ಕೆ ಬಿದ್ದ ಬೆಂಕಿ

ಮಾಸ್ತರರ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ. ಎರಡು ವರ್ಷವಾಯಿತು. ಅಂಕೋಲೆಯ ಪೇಟೆಯಲ್ಲಿ ಎದುರಾದರೆ ಅವರು ಏನೂ ಆಗಿಲ್ಲವೆಂಬಂತೆ ನಿಂತು "ಆರಾಮನೇ?" ಎಂದು ಕೇಳುತ್ತಾರೆ. ನಾನು ತಲೆಯಾಡಿಸಿ ಮುಂದೆ ಹೋಗುತ್ತೇನೆ. ನನ್ನ ಮೇಲಿನ ಸಿಟ್ಟೂ ಇಳಿದಿಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಇದನ್ನು ಓದಿದವರಿಗೆ ನಾನೊಬ್ಬಳು ಸಾಚಾ, ಉಳಿದವರೆಲ್ಲ ಕಳ್ಳರು ಎಂದು ಅನಿಸೀತು.

ನಾನು ತೋಡೂರಿನವಳು. ಹುಟ್ಟಿದ್ದು ಕಡಲದಂಡೆಯ ಮೀನುಗಾರರ ಕೇರಿಯಲ್ಲಿ. ನೌಕಾನೆಲೆಗೆ ಜಾಗ ಹೋದ ಮೇಲೆ ಮನೆಯವರೆಲ್ಲ ತೋಡೂರಿನ ಕಾಲನಿಗೆ ಬಂದರು. ಅಪ್ಪ ಈಗಲೂ ದೋಣಿಗೆ ಹೋಗುತ್ತಾರೆ, ಆಯಿ ಕಾರವಾರದ ಮೀನುಪೇಟೆಯಲ್ಲಿ ಬುಟ್ಟಿ ಇಟ್ಟು ಕೂರುತ್ತಾಳೆ. ನಾನು ಕಾರವಾರದಲ್ಲೇ ಒಂದು ಲ್ಯಾಬಿನಲ್ಲಿ ರಕ್ತ ತಪಾಸಣೆ ಮಾಡುವವಳು. ವಾರವಿಡೀ ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಕೂತು ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. ಮನೆಯ ಹಿಂದೆ ನಿಂತರೆ ಘಟ್ಟದ ಸಾಲು ಕಾಣುತ್ತದೆ. ಒಂದು ದಿನ ಅಲ್ಲಿಗೆ ಹೋಗಬೇಕು ಅಂತ ಹೇಳಿದ್ದಕ್ಕೆ ಆಯಿ, ಸಮುದ್ರದ ಮೇಲೆ ಬದುಕುವವರಿಗೆ ಗುಡ್ಡದಲ್ಲಿ ಎಂತ ಕೆಲಸ, ಅಲ್ಲೇನು ಬಂಗಡೆ ಸಿಗುತ್ತದೆಯೇ ಎಂದು ಕೊಂಕಣಿಯಲ್ಲಿ ಬಯ್ದಳು.

ಕರೆದುಕೊಂಡು ಹೋದವರು ಮಾಸ್ತರರೇ. ನಾನು ಅಂಕೋಲೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಹೈಸ್ಕೂಲು ಕಲಿಯುವಾಗ ಅವರು ನಮಗೆ ವಿಜ್ಞಾನ ಹೇಳಿಕೊಟ್ಟವರು. ಎಲೆಯ ಸಿಪ್ಪೆ ಸುಲಿದು ಗಾಜಿನ ಮೇಲಿಟ್ಟು, "ಒಳಗೆ ನೋಡು, ಎಷ್ಟು ಕೋಣೆ ಉಂಟು" ಎಂದು ನನಗೆ ಮೊದಲ ಸಲ ತೋರಿಸಿದ ಮನುಷ್ಯ. ನಾನು ಲ್ಯಾಬಿನ ಕೋರ್ಸಿಗೆ ಸೇರಲು ಅರ್ಜಿ ತಂದುಕೊಟ್ಟವರೂ ಅವರೇ. ನಿವೃತ್ತರಾದ ಮೇಲೆ ತಮ್ಮ ಈಶಾಡ ಮಾವಿನ ತೋಟ ನೋಡಿಕೊಂಡು, ಹದಿನೈದಿಪ್ಪತ್ತು ಜನರ ಒಂದು ಬಳಗ ಕಟ್ಟಿದ್ದರು. ಮಳೆ ನಿಂತ ಮೇಲೆ ಭಾನುವಾರ ಭಾನುವಾರ ಘಟ್ಟದ ಮೇಲಿನ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವುದು, ಕಾಲುದಾರಿಯ ಮೇಲೆ ಬಿದ್ದ ಮರ ಸರಿಸುವುದು, ಪ್ಲಾಸ್ಟಿಕ್ ಹೆಕ್ಕುವುದು, ಪರವಾನಗಿ ಪಡೆದು ಬರುವ ಚಾರಣಿಗರ ಜೊತೆ ನಡೆದು ಅವರನ್ನು ಕ್ಷೇಮವಾಗಿ ಇಳಿಸುವುದು. ಸೇವೆ. ನಮಗೆಲ್ಲ ಒಂದು ಹಸಿರು ಅಂಗಿ, ಒಂದು ಟೊಪ್ಪಿ ಕೊಟ್ಟಿದ್ದರು. ನಾನು ಮೂರು ವರ್ಷ ಒಂದು ವಾರವೂ ಬಿಡದೆ ಹೋದೆ. ಬೆವರು ಹರಿಸಿ ಕಾಡು ದಾಟಿ ನೆತ್ತಿಯ ಹುಲ್ಲುಗಾವಲಿಗೆ ಬಂದಾಗ ಕಾಳಿ ನದಿಯ ಕಡೆಯಿಂದ ಬೀಸುವ ಗಾಳಿ ಮುಖಕ್ಕೆ ತಾಗುತ್ತಿತ್ತಲ್ಲ, ಅದಕ್ಕಾಗಿ ವಾರವಿಡೀ ಕಾಯುತ್ತಿದ್ದೆ. ಸುಳ್ಳು ಹೇಳುವುದಿಲ್ಲ, ಅಷ್ಟು ಸುಖವಾಗಿದ್ದೆ.

ನಮ್ಮ ಜೊತೆ ಹಸಿರು ಅಂಗಿ ಇಲ್ಲದ ಒಬ್ಬಳು ಬರುತ್ತಿದ್ದಳು. ಭಾವಿಕೇರಿಯವಳು, ಅರವತ್ತರ ಹತ್ತಿರ. ಮಾಸ್ತರರ ತೋಟದಲ್ಲಿ ಕೆಲಸಕ್ಕಿದ್ದವಳು. ನಾನು ಅಕ್ಕ ಎನ್ನುತ್ತಿದ್ದೆ. ಅವಳ ತವರುಮನೆ ಘಟ್ಟದ ಬುಡದಲ್ಲಿ. ಸಣ್ಣವಳಿದ್ದಾಗ ಆ ಗುಡ್ಡದಲ್ಲೇ ಸೌದೆ, ಸೊಪ್ಪು, ಉಪ್ಪಾಗೆ ಹಣ್ಣು ಅಂತ ಅಲೆದವಳು. ಯಾವ ತಿರುವಿನಲ್ಲಿ ಕಾಡುಕೋಣ ನೀರಿಗೆ ಇಳಿಯುತ್ತದೆ, ಯಾವ ಬಂಡೆ ಪಾಚಿಗಟ್ಟಿ ಜಾರುತ್ತದೆ ಎನ್ನುವುದೆಲ್ಲ ಅವಳಿಗೆ ಗೊತ್ತಿತ್ತು. ದಾರಿ ಸವರುವ ಕತ್ತಿ ಅವಳ ಕೈಯಲ್ಲಿ. ನೀರಿನ ಕ್ಯಾನು ಅವಳ ತಲೆಯ ಮೇಲೆ. ಬೆಳಿಗ್ಗೆ ಉದ್ಯಾನದ ಗೇಟಿನ ಹೊರಗೆ ಮೂರು ಕಲ್ಲಿಟ್ಟು ನಮಗೆಲ್ಲ ಚಹಾ ಕಾಯಿಸುತ್ತಿದ್ದವಳೂ ಅವಳೇ. ಬಳಗದ ಪಟ್ಟಿಯಲ್ಲಿ ನಮ್ಮ ಹೆಸರಿನ ಮುಂದೆ ಸ್ವಯಂಸೇವಕರು ಎಂದಿರುತ್ತಿತ್ತು, ಅವಳ ಹೆಸರಿನ ಮುಂದೆ ಸಹಾಯಕಿ. ಮೂರು ವರ್ಷ ಆ ಪಟ್ಟಿಗೆ ಸಹಿ ಹಾಕಿದ ನನಗೆ ಅದರಲ್ಲಿ ಒಂದು ದಿನವೂ ಏನೂ ತಪ್ಪು ಕಾಣಲಿಲ್ಲ.

ಅವಳೂ ಸಹಿ ಹಾಕುತ್ತಿದ್ದಳು. ಹಿಂದೆ ಸಂಜೆಶಾಲೆ ನಡೆಸುತ್ತಿದ್ದಾಗ ಮಾಸ್ತರರೇ ಅವಳಿಗೆ ಹೆಸರು ಬರೆಯಲು ಕಲಿಸಿದ್ದರಂತೆ. ಹೆಸರು ಬರೆಯುವುದಷ್ಟೇ. ಓದಲು ಬರುವಷ್ಟು ದಿನ ಆ ಶಾಲೆ ನಡೆಯಲಿಲ್ಲ.

ಆ ಭಾನುವಾರ ಚಾರಣಕ್ಕೆ ಬಂದವರು ಎಂಟು ಜನ, ದೊಡ್ಡ ಊರಿನವರು. ನಮ್ಮ ಕಡೆಯಿಂದ ಮಾಸ್ತರರು, ಅಕ್ಕ, ನಾನು ಮೂವರೇ. ಬಿಸಿಲು ಕಾಯತೊಡಗಿದ ದಿನಗಳು. ನೆತ್ತಿಯ ಮೇಲಿನ ಹುಲ್ಲು, ನಾವು ಕರಡ ಎನ್ನುವುದು, ಸೊಂಟದೆತ್ತರ ಬೆಳೆದು ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು. ಅವರಲ್ಲೊಬ್ಬನ ಕಂಪನಿ ನಮ್ಮ ಬಳಗಕ್ಕೆ ಒಂದು ಜೀಪು ಕೊಡುವ ಮಾತಾಡುತ್ತಿತ್ತು. ಅದಕ್ಕಾಗಿ ಮಾಸ್ತರರು ವ್ಯಾನಿನಲ್ಲೇ ನಮಗೆ ಹೇಳಿದ್ದರು, "ಇವತ್ತಿನವರು ನಮ್ಮ ಅತಿಥಿಗಳು. ಸ್ವಲ್ಪ ಸಂಭಾಳಿಸಿಕೊಂಡು ಹೋಗಿ."

ಗೇಟಿನಲ್ಲಿ ಗಾರ್ಡು ಎಲ್ಲರಿಗೂ ಕೇಳುವಂತೆ ಹೇಳಿದ. ಬೀಡಿ, ಸಿಗರೇಟು, ಒಲೆ, ಯಾವುದೂ ಇಲ್ಲ. ಎಂಟು ಜನವೂ ತಲೆಯಾಡಿಸಿದರು. ನೆತ್ತಿಯ ಬಂಡೆ ಮುಟ್ಟಿದ್ದೇ ಒಬ್ಬ ಚೀಲದಿಂದ ಸಣ್ಣ ಗ್ಯಾಸಿನ ಒಲೆ ತೆಗೆದ. ಇನ್ನೊಬ್ಬ ನೂಡಲ್ಸ್ ಪೊಟ್ಟಣ ಒಡೆದ. ಮೂರನೆಯವನು ಮೊಬೈಲು ಹಿಡಿದು ನಿಂತ.

ಅಕ್ಕ ನೀರಿನ ಕ್ಯಾನು ಕೆಳಗಿಟ್ಟು ನೇರ ಅವರ ಹತ್ತಿರ ಹೋದಳು. "ಅದ್ನ ಆರ್ಸಿ. ಕರಡ ಒಣಗ್ಯದೆ. ಗಾಳಿ ಬತ್ತದೆ ಈಗ."

"ಗ್ಯಾಸ್ ಆಂಟಿ, ಸೌದೆ ಅಲ್ಲ," ಎಂದ ಒಬ್ಬ. ಮೊಬೈಲು ಹಿಡಿದವನು, "ಆಂಟಿ, ಒಂಚೂರು ನಗಿ" ಎಂದ. ಎಲ್ಲರೂ ನಕ್ಕರು.

ನಾನು ಮಾಸ್ತರರ ಕಡೆ ನೋಡಿದೆ. "ಸರ್, ಒಲೆ ಹಚ್ಚಿದ್ದಾರೆ." ಅವರು ಕಂಡಿದ್ದರು. ಸಣ್ಣ ದನಿಯಲ್ಲಿ, "ಐದು ನಿಮಿಷದ್ದು. ಬಂಡೆಯ ಮೇಲೆ ತಾನೇ, ಬಿಡು" ಎಂದರು. ನಾನು ಬಿಟ್ಟೆ.

ಊಟ ಮುಗಿಸಿ ಇಳಿಯತೊಡಗಿದೆವು. ನಾನು ಮುಂದೆ, ಮಾಸ್ತರರು ಮೂವರು ಅತಿಥಿಗಳ ಜೊತೆ ನಡುವೆ, ಉಳಿದ ಐವರು ಹಿಂದೆ, ಎಲ್ಲರಿಗಿಂತ ಕೊನೆಗೆ ಅಕ್ಕ. ಕಾಡಿನ ಅಂಚು ಇನ್ನೂ ಸಿಕ್ಕಿರಲಿಲ್ಲ, ಕಾಗದ ಸುಟ್ಟ ವಾಸನೆ ಬಂತು. ತಿರುಗಿ ನೋಡುವಷ್ಟರಲ್ಲಿ ಅಕ್ಕ ಕೂಗುತ್ತಿದ್ದಳು. ಐವರಲ್ಲಿ ಇಬ್ಬರು ಬಂಡೆಯ ಮರೆಯಲ್ಲಿ ಪೇಪರ್ ತಟ್ಟೆ, ಒರೆಸಿದ ಕಾಗದ ಎಲ್ಲ ಗುಡ್ಡೆ ಮಾಡಿ ಸುಟ್ಟು ಬಂದಿದ್ದರು. ಕೆಳಗೆ ಓಡಿಬರುತ್ತ ಅವರೇ ನನಗೆ ಹೇಳಿದ್ದು ಇದು: "ಕಸ ಬಿಟ್ಟು ಬರಬೇಡಿ ಅಂತ ನೀವೇ ಹೇಳಿದ್ರಲ್ಲ ಮೇಡಂ?"

ಕರಡಕ್ಕೆ ಬಿದ್ದ ಬೆಂಕಿ ನಡೆಯುವುದಿಲ್ಲ, ಓಡುತ್ತದೆ. ಚಟಚಟ ಎನ್ನುತ್ತ ಬಂಡೆಯ ಎಡಗಡೆ ಇಳಿಜಾರಿಗೆ ತಿರುಗಿತು. ಆ ಇಳಿಜಾರಿನ ಕೆಳಗೆ ಕಣಿವೆಯ ಹಸಿರು ಕಾಡು. ಅಕ್ಕ ಕತ್ತಿ ಹಿಡಿದು ಹಸಿ ಟೊಂಗೆ ಕಡಿದು ನನ್ನ ಕಡೆ ಒಂದು ಎಸೆದಳು. "ಎದುರು ನಿಲ್ಲಬೇಡ ತಂಗಿ! ಬದಿಯಿಂದ ಬಡಿ, ಬದಿಯಿಂದ!" ಹೊಗೆ ಕಂಡು ಕಾಡಂಚಿನಿಂದ ಓಡಿಬಂದ ಅರಣ್ಯ ಇಲಾಖೆಯ ವಾಚರ್ ಒಬ್ಬ, ಅಕ್ಕ, ನಾನು. ಅತಿಥಿಗಳನ್ನು ಮಾಸ್ತರರು ಕೆಳಗೆ ಕರೆದುಕೊಂಡು ಹೋದರು. ಅವರನ್ನು ಇಳಿಸಬೇಕಾದದ್ದು ಸರಿ, ಅದಕ್ಕೆ ನನ್ನ ತಕರಾರಿಲ್ಲ. ಇಳಿಸಿ ವ್ಯಾನಿಗೆ ಹತ್ತಿಸಿ ಊರಿಗೇ ಕಳಿಸಿಬಿಟ್ಟದ್ದಕ್ಕೆ ತಕರಾರು.

ಎರಡು ತಾಸು ಬಡಿದೆವು. ಕಣ್ಣೊಳಗೆ ಹೊಗೆ, ಗಂಟಲಲ್ಲಿ ಬೂದಿ. ಒಂದು ಉಡ ನನ್ನ ಕಾಲ ಮೇಲೆಯೇ ಹಾಯ್ದು ಹೋಯಿತು. ಬೆಂಕಿಯ ಮುಂದೆ ಅಕ್ಕ ಕತ್ತಿಯಿಂದ ಹುಲ್ಲು ಸವರಿ ಮಣ್ಣು ತೋರುವಂತೆ ಗೆರೆ ಎಳೆಯುತ್ತ ಹೋದಳು. ಮೇಲಿನಿಂದ ನಾವು ಬಡಿಯುತ್ತ ಬಂದೆವು. ಕೆಳಗಿನಿಂದ ಇನ್ನೂ ನಾಲ್ಕು ಜನ ವಾಚರರು ಓಡಿಬಂದರು. ಕಣಿವೆಯ ಮರಗಳಿಗೆ ಒಂದು ಕೂಗಳತೆ ಇರುವಾಗ ಬೆಂಕಿ ಆ ಗೆರೆಯ ಹತ್ತಿರ ಬಂದು ಸತ್ತಿತು. ಅಕ್ಕ ಕೂತಲ್ಲೇ ಕೂತಳು. ಅವಳ ಬಲ ಮುಂಗೈಯಿಂದ ಮೊಣಕೈವರೆಗೆ ಬೊಬ್ಬೆ ಎದ್ದಿತ್ತು. ಸೀರೆಯ ಅಂಚು ಸುಟ್ಟು ಕರಕಲಾಗಿತ್ತು. ಕೊರಳಿನ ಮಣಿಸರ ಬಿಸಿಯಾಗಿ ಚರ್ಮಕ್ಕೆ ತಾಗುತ್ತದೆ ಎಂದು ಅದನ್ನು ಎಡಗೈಯಿಂದ ಎತ್ತಿ ಹಿಡಿದುಕೊಂಡಿದ್ದಳು.

ಸಂಜೆ ರೇಂಜ್ ಆಫೀಸಿನಲ್ಲಿ ನಮ್ಮನ್ನು ಕೂರಿಸಿ ಅಧಿಕಾರಿ ಕೇಳಿದರು, "ಹೇಗೆ ಹತ್ತಿತು?"

ಮಾಸ್ತರರು ಕನ್ನಡಕ ಒರೆಸುತ್ತ, "ಹೇಳುವುದು ಕಷ್ಟ. ನಾವೆಲ್ಲ ಇಳಿಯುತ್ತಿದ್ದೆವು. ಈ ದಿನಗಳಲ್ಲಿ ಊರಿನವರೂ ಓಡಾಡ್ತಾರೆ," ಎಂದರು.

"ಪೇಟೆಯಿಂದ ಬಂದೋರು ಕಾಗ್ದ ಸುಟ್ರು," ಎಂದಳು ಅಕ್ಕ. ಅವಳ ಕೈಗೆ ಯಾರೋ ತೆಂಗಿನೆಣ್ಣೆ ಸವರಿದ್ದರು. "ಅದ್ಕೂ ಮೊದ್ಲು ಒಲೆನೂ ಹಚ್ಚಿದ್ರು. ನಾ ಬೇಡ ಅಂದೆ."

ಅಧಿಕಾರಿ ಎಲ್ಲರ ಚೀಲ ತೋರಿಸಲು ಹೇಳಿದರು. ಅಕ್ಕನ ಚೀಲದಲ್ಲಿ ಎಲೆಯಡಿಕೆ ಕವಳದ ಸಂಚಿ, ಒಂದು ಹಳೆಯ ಟವೆಲು, ಒಂದು ಕಡ್ಡಿಪೆಟ್ಟಿಗೆ.

"ಇದು ಎಂತಕ್ಕೆ?"

"ಚಾ ಕಾಸೂಕೆ. ಗೇಟಿನ ಹತ್ರ. ಇವ್ರಿಗೆಲ್ಲ."

ಅಧಿಕಾರಿ ನಮ್ಮ ಕಡೆ ತಿರುಗಿದರು. ಹೌದು ಎಂದು ಹೇಳಲು ಮಾಸ್ತರರಿಗೆ ಒಂದು ಉಸಿರಿನ ಕೆಲಸ. ಅವರು ಕನ್ನಡಕ ಹಾಕಿಕೊಂಡು ಗೋಡೆಯ ಮೇಲಿನ ನಕ್ಷೆ ನೋಡುತ್ತ ನಿಂತರು. ಆಮೇಲೆ ಅಧಿಕಾರಿ ನನ್ನನ್ನೇ ಕೇಳಿದರು, "ನೀವು ಕಂಡಿರಾ ಮೇಡಂ?"

"ನಾನು ಮುಂದೆ ಇದ್ದೆ. ಸರಿಯಾಗಿ ಕಾಣಲಿಲ್ಲ," ಎಂದೆ.

ಕಾಗದ ಸುಟ್ಟದ್ದನ್ನು ನಾನು ಕಂಡಿರಲಿಲ್ಲ, ನಿಜ. ಒಲೆಯನ್ನು ಕಂಡಿದ್ದೆ. ಅವರು ತಾವೇ ಬಾಯಿಬಿಟ್ಟು ಒಪ್ಪಿದ್ದನ್ನು ಕೇಳಿದ್ದೆ. ಚಹಾ ಮೂರು ವರ್ಷ ಕುಡಿದಿದ್ದೆ. ಅಷ್ಟೆಲ್ಲ ಇದ್ದರೂ "ಕಾಣಲಿಲ್ಲ" ಎನ್ನುವ ಒಂದು ಮಾತಿನ ಹಿಂದೆ ಹೋಗಿ ಅವಿತು ಕೂತೆ. ಯಾಕೆ? ಯಾರೂ ನನ್ನನ್ನು ಹೆದರಿಸಿರಲಿಲ್ಲ. ಮಾಸ್ತರರು ತರಗತಿಯಲ್ಲಿ ನಿಂತಿದ್ದಂತೆ ಅಲ್ಲಿ ನಿಂತಿದ್ದರು, ನನಗೆ ಅವರ ಮಾತು ಮೀರಿ ಗೊತ್ತಿರಲಿಲ್ಲ. ಇದು ಕಾರಣ, ಸಮರ್ಥನೆ ಅಲ್ಲ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ನೋಡುವುದನ್ನು ಬಿಟ್ಟಳು.

ಮಂಗಳವಾರ ಅವಳನ್ನು ಮತ್ತೆ ರೇಂಜ್ ಆಫೀಸಿಗೆ ಕರೆಸಿ ಜಬಾಬು, ಅಂದರೆ ಹೇಳಿಕೆ, ಬರೆಸಿಕೊಂಡರು ಎಂದು ಬಳಗದವರೊಬ್ಬರು ಫೋನಿನಲ್ಲಿ ಹೇಳಿದರು. ಜೊತೆಗೆ ಮಾಸ್ತರರೇ ಹೋಗಿದ್ದರಂತೆ. ಗುರುವಾರ ಬಳಗದ ವಾಟ್ಸಾಪಿನಲ್ಲಿ ವರದಿ ಬಂತು. ಲ್ಯಾಬಿನಲ್ಲಿ ಕೂತು ಓದಿದೆ. "ನಮ್ಮ ಸಹಾಯಕಿಯ ಅಜಾಗರೂಕತೆಯಿಂದ ಸಂಭವಿಸಿದ ಸಣ್ಣ ಅವಘಡವನ್ನು ಸ್ವಯಂಸೇವಕರು ಸಮಯಪ್ರಜ್ಞೆಯಿಂದ ನಿಭಾಯಿಸಿದ್ದು ಹೆಮ್ಮೆಯ ಸಂಗತಿ." ಕೆಳಗೆ ಹನ್ನೆರಡು ಜನ ಚಪ್ಪಾಳೆಯ ಚಿತ್ರ ಹಾಕಿದ್ದರು. ಸಮಯಪ್ರಜ್ಞೆಯ ಸ್ವಯಂಸೇವಕಿ ಎಂದರೆ ನಾನು. ಕೈಯಲ್ಲಿದ್ದ ರಕ್ತದ ನಳಿಕೆಯನ್ನು ಸ್ಟ್ಯಾಂಡಿಗೆ ಇಟ್ಟು ಹೊರಗೆ ಬಂದು ನಿಂತೆ.

ಮುಂದಿನ ಭಾನುವಾರ ಬೆಟ್ಟಕ್ಕೆ ಹೋಗಲಿಲ್ಲ. ಬಸ್ಸು ಹಿಡಿದು ಅಂಕೋಲೆಗೆ, ಅಲ್ಲಿಂದ ಭಾವಿಕೇರಿಗೆ ಹೋದೆ. ಅಕ್ಕ ಅಂಗಳದಲ್ಲಿ ಎಡಗೈಯಿಂದ ಶೇಂಗಾ ಬೀಜ ಬಿಡಿಸುತ್ತಿದ್ದಳು. ಬಲಗೈಗೆ ಬಟ್ಟೆ ಸುತ್ತಿತ್ತು. ನನ್ನನ್ನು ಕಂಡು ಏಳಲಿಲ್ಲ, ಬಾ ಎನ್ನಲೂ ಇಲ್ಲ. ಸೊಸೆ ಒಂದು ಚೊಂಬು ನೀರು ತಂದಿಟ್ಟು ಒಳಗೆ ಹೋದಳು.

"ಅಕ್ಕ, ಜಬಾಬಿನಲ್ಲಿ ಏನು ಬರೆದಿದ್ದಾರೆ ಗೊತ್ತುಂಟೇ?"

"ನಂಗೆ ಓದೂಕೆ ಬತ್ತದ್ಯೇ? ಮಾಸ್ತರು ಓದಿ ಹೇಳಿದ್ರು. ಬೆಂಕಿ ಬಿತ್ತು, ನೀ ಇದ್ದೆ, ಆರ್ಸೂಕೆ ಬಡ್ದೆ ಅಂತ ಬರ್ದದೆ ಅಂದ್ರು. ಸಹಿ ಮಾಡು ಅಂದ್ರು. ಮಾಡ್ದೆ."

ನಾನು ಮೊಬೈಲಿನಲ್ಲಿದ್ದ ವರದಿ ಓದಿ ಹೇಳಿದೆ. ಅಜಾಗರೂಕತೆ ಎಂದರೆ ಏನು ಎಂದು ಕೇಳಿದಳು. ಹೇಳಿದೆ. ಬೀಜ ಬಿಡಿಸುವ ಕೈ ನಿಂತಿತು.

"ನಾ ಹಚ್ಚಿದ್ದು ಅಂತನಾ?"

ಹೌದು ಎಂದೆ.

"ನೀ ಕಂಡಿದ್ಯಲ್ಲೇ ಒಲೆ," ಅಂದಳು ಅಕ್ಕ. ದನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. "ಅವ್ರು ದೊಡ್ಡೋರು, ಅವ್ರಿಗೆ ಹೇಳೂಕೆ ಬೇರೆ ಇತ್ತು. ನಿಂಗೆ ಎಂತ ಇತ್ತೇ?"

ನೀರು ಕುಡಿಯದೆ ಎದ್ದೆ.

ಅಲ್ಲಿಂದ ನೇರ ಮಾಸ್ತರರ ತೋಟಕ್ಕೆ ಹೋದೆ. ಮಾವು ಹೂ ಬಿಟ್ಟು ಸಣ್ಣ ಮಿಡಿ ಕಚ್ಚಿತ್ತು. ಅವರು ಮರದ ಕೆಳಗೆ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು. "ಬಾ ಬಾ" ಎಂದರು. ನಾನು ಕೂರಲಿಲ್ಲ.

"ಸರ್, ನೀವು ಅವಳಿಗೆ ಓದಿ ಹೇಳಿದ್ದು ಒಂದು, ಬರೆಸಿದ್ದು ಇನ್ನೊಂದು."

ಅವರು ಪೇಪರು ಮಡಚಿದರು. "ನೋಡು, ಆ ಅತಿಥಿಗಳ ಹೆಸರು ಬಂದಿದ್ದರೆ ನಮ್ಮ ಪರವಾನಗಿ ಹೋಗುತ್ತಿತ್ತು. ಒಲೆ ಹಚ್ಚಲು ಬಿಟ್ಟವರು ನಾವೇ ಅಂತಾಗುತ್ತಿತ್ತು. ಬಳಗ ಮುಚ್ಚಿದರೆ ಆ ಕಾಡು ನೋಡುವವರು ಯಾರು? ಅವಳಿಗೇನೂ ಆಗೂದಿಲ್ಲ. ಬಡವಳು, ವಯಸ್ಸಾದವಳು ಅಂತ ಎಚ್ಚರಿಕೆ ಕೊಟ್ಟು ಬಿಡ್ತಾರೆ. ನಾ ಮಾತಾಡಿದ್ದೇನೆ. ಅವಳು ನಮ್ಮವಳೇ ಅಲ್ಲವೇ?"

"ನಮ್ಮವಳು ಅಂದರೆ ಏನು ಸರ್?"

"ಸಿಟ್ಟಿನಲ್ಲಿ ಮಾತಾಡಬೇಡ. ಅವಳ ಮರ್ಯಾದೆ ಕಾಯ್ದಿದ್ದೇನೆ ನಾನು. ಗುಮಾಸ್ತ ಮಸಿ ತಂದಿದ್ದ, ಹೆಬ್ಬೆಟ್ಟು ಒತ್ತಿಸಲು. ಬೇಡ, ಅವಳಿಗೆ ಸಹಿ ಬರುತ್ತದೆ ಎಂದು ಸಹಿಯನ್ನೇ ಮಾಡಿಸಿದೆ."

ಇದನ್ನು ಅವರು ಹೆಮ್ಮೆಯಿಂದ ಹೇಳಿದರು. "ನೀವು ಅವಳಿಗೆ ಸಹಿ ಕಲಿಸಿದ್ದು ಇದಕ್ಕೇ ಅಂತ ಇವತ್ತು ಗೊತ್ತಾಯಿತು," ಎಂದೆ. ಗುರುಗಳಿಗೆ ಎದುರು ನಿಂತು ನನ್ನ ಜೀವಮಾನದಲ್ಲಿ ಆಡಿದ ಮೊದಲ ಮಾತು. ಅವರ ಮುಖ ಕಪ್ಪಿಟ್ಟಿತು. ಮನೆಯಿಂದಲೇ ಹಸಿರು ಅಂಗಿ ಮತ್ತು ಟೊಪ್ಪಿ ತುಂಬಿ ತಂದಿದ್ದ ಚೀಲವನ್ನು ಕುರ್ಚಿಯ ಪಕ್ಕದಲ್ಲಿಟ್ಟು ಬಂದೆ.

ಸಿಟ್ಟಿನಿಂದ ಬೈದು ಬರುವುದು ದೊಡ್ಡ ಕೆಲಸವಲ್ಲ. ಅಕ್ಕನ ಸಹಿ ಇದ್ದ ಕಾಗದ ಆಫೀಸಿನಲ್ಲಿ ಹಾಗೇ ಇತ್ತು. ನಾನು ಹೋಗಿ ಮಾತು ಬದಲಿಸಿದರೆ, ಮೊದಲು ಕಾಣಲಿಲ್ಲ ಎಂದವಳು ಈಗ ಕಂಡೆ ಎನ್ನುತ್ತಾಳೆ ಎಂದು ಯಾರೂ ನಂಬುವುದಿಲ್ಲ. ಮನೆಗೆ ಬಂದು ಮೊಬೈಲು ತಡಕಿದೆ. ಇಳಿಯುವ ಮೊದಲು ಆ ಗುಂಪಿನ ಒಬ್ಬ ಹುಡುಗಿ ಫೋಟೋ ಕಳಿಸುತ್ತೇನೆ ಎಂದು ನನ್ನ ನಂಬರು ಪಡೆದಿದ್ದಳು. ಬುಧವಾರವೇ ಕಳಿಸಿದ್ದಳು, ನಾನು ತೆರೆದೇ ಇರಲಿಲ್ಲ. ಫೋಟೋಗಳ ನಡುವೆ ಒಂದು ವಿಡಿಯೋ. ಒಲೆ, ಕುದಿಯುವ ನೀರು, ಹಿಂದೆ ಹೊಂಬಣ್ಣದ ಕರಡ. ಹಿನ್ನೆಲೆಯಲ್ಲಿ ಅಕ್ಕನ ದನಿ ಸ್ಪಷ್ಟ: "ಅದ್ನ ಆರ್ಸಿ. ಕರಡ ಒಣಗ್ಯದೆ." ಆಮೇಲೆ ನಗು. ಆಮೇಲೆ ನನ್ನ ದನಿ. ಆಮೇಲೆ, ಸಣ್ಣದಾಗಿ, ಮಾಸ್ತರರದು: "ಬಿಡು."

ಆ ವಿಡಿಯೋದಲ್ಲಿ ಎಲ್ಲರಿಗಿಂತ ಮೊದಲು ಸರಿಯಾದ ಮಾತಾಡಿದವಳು ಅಕ್ಕ. ಜಬಾಬಿನಲ್ಲಿ ತಪ್ಪಿತಸ್ಥೆಯಾದವಳೂ ಅವಳೇ.

ಮರುದಿನ ಲ್ಯಾಬಿಗೆ ರಜೆ ಹಾಕಿ ಭಾವಿಕೇರಿಗೆ ಹೋಗಿ ಅಕ್ಕನಿಗೆ ಅದನ್ನು ತೋರಿಸಿದೆ. ತನ್ನ ದನಿ ಕೇಳಿ ಅವಳು ಮೊಬೈಲನ್ನು ಕಿವಿಗೆ ಹಿಡಿದು ಮತ್ತೊಮ್ಮೆ ಕೇಳಿದಳು. ಸೀರೆ ಬದಲಿಸಿ ಬಂದು, "ನಡಿ" ಎಂದಳು. ಬಸ್ಸಿನಲ್ಲಿ ನನ್ನ ಪಕ್ಕದ ಜಾಗ ಬಿಟ್ಟು ಮುಂದಿನ ಸೀಟಿಗೆ ಹೋಗಿ ಕೂತಳು.

ರೇಂಜ್ ಆಫೀಸಿನಲ್ಲಿ ಅಧಿಕಾರಿ ವಿಡಿಯೋ ನೋಡಿದರು. ಮೊದಲು ನನ್ನನ್ನು ಚೆನ್ನಾಗಿ ಬೈದರು. "ಅವತ್ತು ಯಾಕೆ ಬಾಯಿ ಬಿಡಲಿಲ್ಲ ನೀವು?" ಬೈಸಿಕೊಂಡೆ. ಆಮೇಲೆ ಹೊಸ ಜಬಾಬು ಬರೆಸಲು ಗುಮಾಸ್ತನನ್ನು ಕರೆದರು. ಅವನು ಬರೆದು ಮುಗಿಸಿ ಪೆನ್ನು ಅಕ್ಕನ ಕಡೆ ಚಾಚಿದ.

"ಓದಿ," ಎಂದಳು ಅಕ್ಕ.

ಅವನು ಓದಿದ.

"ಇನ್ನೊಂದ್ಸಲ."

"ಎಷ್ಟು ಸಲ ಅಮ್ಮ?"

"ನಂಗೆ ತಿಳಿಯೂವರೆಗೆ. ಈ ತಂಗಿನೂ ನೋಡ್ಲಿ, ನೀವು ಓದಿದ್ದೇ ಬರ್ದದ್ಯೋ ಅಂತ."

ನಾನು ಅವನ ಹೆಗಲ ಮೇಲಿಂದ ಸಾಲು ಸಾಲು ನೋಡುತ್ತ ಹೋದೆ. ಎರಡನೆಯ ಸಲ ಓದುವಾಗ "ಬಳಗದ ಸಹಾಯಕಿಯಾದ ನಾನು" ಎನ್ನುವಲ್ಲಿ ಅಕ್ಕ ಕೈ ಎತ್ತಿದಳು. "ಅದ್ನ ತೆಗೀರಿ. ನಾ ಯಾರ ಸಹಾಯಕಿನೂ ಅಲ್ಲ. ಬೆಂಕಿ ಆರ್ಸ್ದೋಳು ಅಂತ ಬರೀರಿ."

ಗುಮಾಸ್ತ ಅಧಿಕಾರಿಯ ಮುಖ ನೋಡಿದ. ಅವರು, "ಬರಿ" ಎಂದರು. ಸುಟ್ಟ ಬಲಗೈಯಲ್ಲೇ ಪೆನ್ನು ಹಿಡಿದು, ಒಂದೊಂದೇ ಅಕ್ಷರ ಒತ್ತಿ, ಅಕ್ಕ ಸಹಿ ಹಾಕಿದಳು. ಕೆಳಗೆ ಸಾಕ್ಷಿಯ ಜಾಗದಲ್ಲಿ ನಾನು ಹಾಕಿದೆ.

ಹಳೆಯ ಜಬಾಬು ರದ್ದಾಯಿತು. ಬಳಗದ ಪರವಾನಗಿಯನ್ನು ಆ ವರ್ಷಕ್ಕೆ ತಡೆಹಿಡಿದರು. ಜೀಪು ಬರಲಿಲ್ಲ. ಎಂಟು ಜನರಿಗೆ ನೋಟೀಸು ಹೋಯಿತು ಎಂದು ಕೇಳಿದೆ, ಮುಂದೆ ಏನಾಯಿತೋ ತಿಳಿಯದು. ಬಳಗದ ಕೆಲವರು ನನ್ನನ್ನು ಈಗಲೂ ಮನೆ ಮುರಿದವಳಂತೆ ನೋಡುತ್ತಾರೆ. "ಒಳಗೊಳಗೇ ಮುಗಿಸಬಹುದಿತ್ತು" ಎಂದು ಒಬ್ಬರು ಫೋನು ಮಾಡಿ ಹೇಳಿದರು. ಒಳಗೆ ಎಂದರೆ ಎಲ್ಲಿ, ಯಾರ ಹೊಟ್ಟೆಯ ಒಳಗೆ ಎಂದು ಕೇಳಿದೆ. ಫೋನು ಇಟ್ಟರು. ವರದಿಗೆ ಚಪ್ಪಾಳೆ ಹಾಕಿದ ಹನ್ನೆರಡು ಜನರಲ್ಲಿ ಒಬ್ಬರೂ ಅಕ್ಕನ ಮನೆಗೆ ಹೋಗಿ ಕೈ ಹೇಗಿದೆ ಎಂದು ಕೇಳಲಿಲ್ಲ. ಮಾಸ್ತರರು ಮಾತ್ರ ಒಮ್ಮೆ ಆಳಿನ ಕೈಲಿ ಮಾವಿನಹಣ್ಣಿನ ಬುಟ್ಟಿ ಕಳಿಸಿದ್ದರಂತೆ. ಅಕ್ಕ ಅದನ್ನು ತಂದವನ ಕೈಲೇ ವಾಪಸು ಕಳಿಸಿದಳು. ಅವರ ತೋಟಕ್ಕೆ ಅವಳು ಮತ್ತೆ ಕಾಲಿಡಲಿಲ್ಲ, ಊರಿನ ಬೇರೆಯವರ ಶೇಂಗಾ ಗದ್ದೆಗೆ, ತರಕಾರಿ ಹಿತ್ತಲಿಗೆ ಹೋಗುತ್ತಾಳೆ.

ನಾನು ಈಗಲೂ ಬೆಟ್ಟಕ್ಕೆ ಹೋಗುತ್ತೇನೆ. ಬಳಗವಿಲ್ಲದೆ, ಗೇಟಿನಲ್ಲಿ ಹೆಸರು ಬರೆಸಿ, ವಾಚರರ ಜೊತೆ ಬೆಂಕಿರೇಖೆ ಸವರಲು. ಸುಟ್ಟ ಇಳಿಜಾರಿನಲ್ಲಿ ಮೊದಲ ಮಳೆಗೇ ಹುಲ್ಲು ಚಿಗುರಿತು, ಈಗ ನೋಡಿದವರಿಗೆ ಅಲ್ಲಿ ಏನೂ ಆಗಿಲ್ಲ ಅನಿಸುತ್ತದೆ. ಹುಲ್ಲು ಮರೆಯಬಹುದು. ಅಕ್ಕನ ಮುಂಗೈಯ ಚರ್ಮ ಬಿಗಿದು ಎರಡು ಬೆರಳು ಪೂರ್ತಿ ಮಡಚಲು ಬರುವುದಿಲ್ಲ.

ಕಳೆದ ತಿಂಗಳು ಅಂಕೋಲೆಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ಬುಟ್ಟಿಯಲ್ಲಿ ಉಳಿದ ಬಸಳೆಯ ಕಟ್ಟು. ಎಷ್ಟೋ ದಿನದಿಂದ ಹೇಳದೆ ಉಳಿಸಿಕೊಂಡದ್ದನ್ನು ಅಲ್ಲೇ, ಆ ಗದ್ದಲದಲ್ಲೇ ಹೇಳಿದೆ. "ಅಕ್ಕ, ಅವತ್ತು ಕಾಣಲಿಲ್ಲ ಅಂದುಬಿಟ್ಟೆ. ತಪ್ಪಾಯ್ತು."

ಅವಳು ಕವಳ ಒಂದು ಕೆನ್ನೆಗೆ ಸರಿಸಿಕೊಂಡಳು.

"ಎಂಟು ದಿವ್ಸ ತಡ ಮಾಡ್ದೆ. ಆಮೇಲೆ ಬಂದೆ," ಎಂದಳು. "ಎರಡೂ ನೆನಪದೆ ನಂಗೆ."

ಭಾವಿಕೇರಿಯ ಬಸ್ಸು ಬಂತು. ಬುಟ್ಟಿ ಎತ್ತಿಕೊಡಲು ನಾನು ಕೈ ಹಾಕುವ ಮೊದಲೇ ಅವಳು ಅದನ್ನು ಎಡಗೈಯಿಂದ ಸೊಂಟಕ್ಕೇರಿಸಿಕೊಂಡು ಹತ್ತಿದಳು. ನಾನು ರಸ್ತೆ ದಾಟಿ ಕಾರವಾರದ ಬಸ್ಸಿಗೆ ಕಾಯುತ್ತ ನಿಂತೆ.